ನಾನು ಹೇಳದ ಹೆಸರು

ತಲೆಗೆ ಹಚ್ಚಿಕೊಳ್ಳಲೆಂದು ಮೆಂತ್ಯ ನೆನೆಹಾಕಿ ಮರೆತೇಬಿಟ್ಟಿದ್ದೆ. ಮೂರನೇ ದಿನ ಮುಚ್ಚಳ ತೆಗೆದರೆ, ಹುಳಿ ಬಂದ ಕಹಿ ವಾಸನೆ ಮೂಗಿಗೆ ಬಡಿಯಿತು. ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟೆ. ಐದು ವರ್ಷದ ಹಿಂದೆ, ನಾವು ಮನೆ ಕಟ್ಟಿಸುವಾಗ ಇದೇ ವಾಸನೆ ಅಂಗಳ ತುಂಬಿತ್ತು. ಗೋಡೆ ಕಟ್ಟುವ ಗೌಂಡಿ ಕಾಕಾ ಬ್ಯಾರಲ್ಲಿನಲ್ಲಿ ಮೆಂತ್ಯ, ಬೆಲ್ಲ ಕೊಳೆಹಾಕಿ, ಆ ನೀರಿನಲ್ಲಿ ಮಾಳಿಗೆಯ ಸುಣ್ಣದ ಗಚ್ಚು ಕಲಸುತ್ತಿದ್ದರು. ಅವರನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಾನು ನವಲಗುಂದದ ಹತ್ತಿರದ ಹಳ್ಳಿಯಲ್ಲಿ ಶಾಲೆಯ ಅಕ್ಕೋರು. ಕರೆಂಟು ಕಡಿಮೆ ಉರಿಸುವ ಹೊಸ ಮನೆಗೆ ಸರಕಾರ ಸಹಾಯಧನ ಕೊಡುತ್ತದೆಂದು ತಿಳಿದು ಅರ್ಜಿ ಹಾಕಿದ್ದೆ. ಬೇಸಿಗೆಯಲ್ಲೂ ಮನೆ ತಂಪಿರಬೇಕು, ಹಗಲು ದೀಪ ಹಚ್ಚುವ ಹಾಗಿರಬಾರದು, ಇಂಥವೆಲ್ಲ ನಿಯಮ. ಹುಬ್ಬಳ್ಳಿಯಲ್ಲಿ ಎಂಜಿನಿಯರಾಗಿರುವ ನನ್ನ ಮೈದುನ ನಕ್ಷೆ ಬರೆದು ಶಿಕ್ಕಾ ಹೊಡೆದು ಕೊಟ್ಟ. ಅದರಲ್ಲಿ ಪಶ್ಚಿಮದ ಗೋಡೆ ತುಂಬ ಗಾಜಿನ ಕಿಟಕಿ!

ಕಾಕಾ ನೋಡಿ ನಕ್ಕರು. "ಅಕ್ಕೋರ, ಬ್ಯಾಸಗ್ಯಾಗ ಇದರ ಮುಂದ ರೊಟ್ಟಿ ಸುಡಬೌದ ನೋಡ್ರಿ."

ನಕ್ಷೆ ಮೂಲೆ ಸೇರಿತು. ಎರೆಭೂಮಿ ಬಿರಿಯುತ್ತದೆಂದು ಕಾಕಾ ಪಾಯ ಆಳಕ್ಕೆ ತೆಗೆಸಿದರು. ಬಮ್ಮಿಗಟ್ಟಿ ಕಡೆಯ ಕೆಂಪು ಮಣ್ಣಿನಿಂದ ದಪ್ಪ ಗೋಡೆ ಎಬ್ಬಿಸಿದರು. ಕೋಲಿಗೆ ಹತ್ತಿಯ ಎಳೆ ಕಟ್ಟಿ, ಗಾಳಿ ಎತ್ತಲಿಂದ ಬರುತ್ತದೆಂದು ಮೂರು ಸಂಜೆ ನೋಡುತ್ತ ಕೂತು, ಆಮೇಲೆ ಕಿಟಕಿಯ ಜಾಗ ಗುರುತಿಸಿದರು. ಕೂಲಿ ಬಿಟ್ಟರೆ ಅವರು ನನ್ನನ್ನು ಕೇಳಿದ್ದು ಒಂದೇ ಒಂದು.

"ಆ ಸರಕಾರದ ಅರ್ಜಿ ಕಾಗದದಾಗ ನನ್ನ ಹೆಸರೊಂದು ಬರಸ್ರಿ ಅಕ್ಕೋರ. ಎಲ್ಲಾರೂ ಸ್ಲ್ಯಾಬ್ ಹಾಕಸಾಕತ್ತಾರ, ನನ್ನ ಕೇಳವ್ರ ಇಲ್ಲ. ಸರಕಾರದಾಗ ಹೆಸರು ಬಂತಂದ್ರ ನಾಕ್ ಮಂದಿ ಕರೀತಾರ."

"ಅಯ್ಯ, ಬರಸದ ಬಿಡ್ತೀನೇನ್ರಿ ಕಾಕಾ!" ಎಂದಿದ್ದೆ. ಎಷ್ಟು ಸಲೀಸಾಗಿ ಎಂದಿದ್ದೆ...

ಸಹಾಯಧನದ ತಪಾಸಣೆಯವರು ಗೃಹಶಾಂತಿಯ ದಿನವೇ ಬಂದರು. ಮನೆ ತುಂಬ ಬೀಗರು. ಒಳಗೆ ಕಾಲಿಟ್ಟ ಸಾಹೇಬರು ಬೆವರು ಒರೆಸಿಕೊಂಡು, "ಅಗದಿ ತಂಪೈತಲ್ರೀ! ಯಾರ ಕಟ್ಟಿದ್ದು? ಹಳೇ ಗೌಂಡಿ ಯಾರರ ಅದಾರೇನು? ಅವರ ಹೆಸರು ಬರ್ಯಾಕೂ ಜಾಗಾ ಐತಿ" ಎಂದರು.

ಕಾಕಾ ಬಾಗಿಲ ಬಾಜೂಕೆ, ಒಗೆದ ಧೋತರ ಉಟ್ಟು ನಿಂತಿದ್ದರು. ಅತ್ತೆಯೂ ಮೈದುನನೂ ನನ್ನನ್ನೇ ನೋಡುತ್ತಿದ್ದರು.

"ಎಲ್ಲಾ ನಮ್ಮ ಮೈದುನಂದ ರೀ. ಗೌಂಡಿಗಳು ಅವ ಹೇಳಿದಂಗ ಮಾಡಿದ್ರು," ಎಂದುಬಿಟ್ಟೆ. ಥೂ, ನನ್ನ ನಾಲಿಗೆಯೇ!

ನಮ್ಮ ಕಡೆ ಗೃಹಶಾಂತಿಯಲ್ಲಿ ಬಟ್ಟೆಯ ಉಡುಗೊರೆ, ಆಯೇರಿ, ಮೊದಲು ಸಲ್ಲುವುದು ಮನೆ ಕಟ್ಟಿದವರಿಗೆ. ಸುಳ್ಳು ಹೇಳಿಯಾಗಿತ್ತು, ಅದನ್ನು ಉಳಿಸಿಕೊಳ್ಳಬೇಕಲ್ಲ? ಮೊದಲ ಆಯೇರಿಯನ್ನೂ ಮೈದುನನಿಗೇ ಮಾಡಿಸಿದೆ. ಎರಡನೆಯದನ್ನು ತೆಗೆದುಕೊಳ್ಳುವಾಗ ಕಾಕಾ ತಗ್ಗಿದ ದನಿಯಲ್ಲಿ, "ಆಯೇರಿ ಹಿಂದಮುಂದ ಆದ್ರ ನಡೀತೈತ್ರಿ ಅಕ್ಕೋರ. ಹೆಸರೊಂದು..." ಎಂದು ನಿಲ್ಲಿಸಿದರು. ಹೋಳಿಗೆ ಊಟಕ್ಕೆ ಕೂಗಿದಾಗ ಅವರು ಇರಲಿಲ್ಲ.

ಸಹಾಯಧನ ಬಂತು. ಒಂದು ಅರ್ಜಿ ಬರೆದಿದ್ದರೆ ಹೆಸರು ಆಗಲೂ ಸೇರುತ್ತಿತ್ತೇನೋ. ಮಕ್ಕಳ ತಪ್ಪು ತಿದ್ದಿ ತಿದ್ದಿ ಬರೆಸುವ ನಾನು ಅದೊಂದನ್ನು ಬರೆಯಲಿಲ್ಲ, ಮೈದುನ ಏನೆಂದುಕೊಂಡಾನೋ ಎಂದು. ಮುಂದೊಂದು ದಿನ ಮೊರಬದಲ್ಲಿ ಬಸ್ಸಿನಿಂದ ಅವರನ್ನು ಕಂಡೆ. ಯಾರದೋ ಸ್ಲ್ಯಾಬಿಗೆ ಕಾಂಕ್ರೀಟಿನ ಬುಟ್ಟಿ ಹೊರುತ್ತಿದ್ದರು. ನನ್ನನ್ನು ನೋಡಿ ಕೈ ಮುಗಿದರು. ಮುಖ ತಿರುಗಿಸಿದವಳು ನಾನು. ಹೋದ ವರ್ಷ ಅವರು ತೀರಿಕೊಂಡರಂತೆ. ನನಗೆ ಗೊತ್ತಾಗಿದ್ದು ವಾರ ಕಳೆದ ಮೇಲೆ.

ಮೊನ್ನೆ ಅಣ್ಣಿಗೇರಿಯಿಂದ ಗಂಡ ಹೆಂಡತಿ ಮನೆ ನೋಡಲು ಬಂದಿದ್ದರು. ಅವರಿಗೂ ಇಂಥದೇ ಮನೆ ಬೇಕಂತೆ, ಅರ್ಜಿಯೂ ಹಾಕಿದ್ದಾರಂತೆ. ಗೋಡೆ ಮುಟ್ಟಿ ನೋಡಿ, ಸರಕಾರದ ಕಾಗದದಲ್ಲಿ ಹೆಸರಿರುವ ಆ ಎಂಜಿನಿಯರ ನಂಬರ್ ಕೊಡ್ರಿ ಎಂದರು.

"ಅವಗ ಇಂಥಾ ಮನಿ ಕಟ್ಟಾಕ ಬರಂಗಿಲ್ರಿ," ಎಂದೆ. ಕಾಕಾ ಹೆಸರು ಹೇಳಿದೆ. ಮೊದಲ ಸಲ, ಪೂರಾ ಹೆಸರು. ಅವರು ಇಲ್ಲವೆಂಬುದನ್ನೂ ಹೇಳಿದೆ.

"ಅವರ ಕೈಯಾಗ ಕಲತವ್ರು ಯಾರರ ಇರಬೇಕಲ್ರಿ?" ಎಂದು ಆ ಹೆಣ್ಣುಮಗಳು ಕೇಳಿದಳು.

"ಇಲ್ಲವ್ವಾ," ಎಂದೆ. "ಯಾರಿಗರ ಕಲಿಸಬೇಕಂದ್ರ, ಈ ಮನಿ ಆದಮ್ಯಾಲ ಅವರನ್ನ ಯಾರೂ ಮನಿ ಕಟ್ಟಾಕ ಕರೀಲೇ ಇಲ್ಲ."