ಅಪ್ಪನ ಹೆಬ್ಬೆರಳಿಗೆ ಸಿಕ್ಕ ಸ್ಕ್ರೂ

ಹತ್ತಿ ನೋಡುವುದರಲ್ಲಿ ನನ್ನ ಅಪ್ಪನನ್ನು ಮೀರಿಸಿದವರನ್ನು ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ನಾನು ಕಂಡಿಲ್ಲ. ಮಗಳ ಮಾತು ಎಂದು ನಗುವವರು ನಗಲಿ. ಒಂದು ಚಿಟಿಕೆ ಹತ್ತಿಯನ್ನು ಎರಡೂ ಹೆಬ್ಬೆರಳುಗಳಿಂದ ಹಿಡಿದೆಳೆದು, ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ ಎಂದು ಹೇಳಿಬಿಡುತ್ತಿದ್ದ. ಹಾಲಹರವಿ ಕಡೆಯ ರೈತರಾಗಲಿ ಗಿರಣಿಯವರಾಗಲಿ ಆ ಮಾತಿಗೆ ತಕರಾರು ತೆಗೆಯುತ್ತಿರಲಿಲ್ಲ.

ಹೋದ ವರ್ಷ ಗಿರಣಿಯಲ್ಲಿ ಚೆಲ್ಲಿದ್ದ ಹತ್ತಿಕಾಳಿನ ಮೇಲೆ ಜಾರಿ, ಬಲಗೈ ಊರಿ ಬಿದ್ದ. ಮಣಿಕಟ್ಟಿನ ಕೀಲಿನಲ್ಲೇ ಎಲುಬು ಚೂರಾಗಿತ್ತು. ಡಾಕ್ಟರು ಪ್ಲೇಟ್ ಇಟ್ಟು ಸ್ಕ್ರೂ ಬಿಗಿದು ಚೂರುಗಳನ್ನು ಕೂಡಿಸಿದರು. ಎಲುಬೇನೋ ಚೆನ್ನಾಗಿ ಕೂಡಿತು. ಆದರೆ ಎರಡು ತಿಂಗಳಾದರೂ ಅಪ್ಪ ಹೆಬ್ಬೆರಳು ಎತ್ತಲು ಹಿಂದೆಮುಂದೆ ನೋಡುತ್ತಿದ್ದ.

"ಒಳಗ ಏನೋ ಎಳಿ ಹರಿಯಾಕತ್ತೈತಿ ಅವ್ವಾ" ಎಂದು ನನಗೆ ಹೇಳಿದ.

ಎಕ್ಸ್‌ರೇ ಸರಿಯಿದೆ ಎಂದು ಡಾಕ್ಟರೇ ಹೇಳಿದ್ದರು. ಅವರು ಹೇಳಿಕೊಟ್ಟ ಬೆರಳಿನ ವ್ಯಾಯಾಮ ತಪ್ಪಿಸಲು ಇದೊಂದು ನೆಪ ಎಂದು ನನಗೆ ಸಿಟ್ಟು ಬಂತು. "ಕುಣಿಯಾಕ ಬರದಾಕಿ ನೆಲ ಡೊಂಕು ಅಂದಳಂತ" ಎಂದು ಛೇಡಿಸಿದೆ. ಅಪ್ಪ ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಹೊರಟ. ನಾನೂ ಗೊಣಗುತ್ತ ಹಿಂದೆ ಹೋದೆ.

ಅಲ್ಲಿ ಡಾಕ್ಟರ ಬೆರಳನ್ನೇ ಹಿಡಿದು ತನ್ನ ಮಣಿಕಟ್ಟಿನ ಮೇಲಿಟ್ಟುಕೊಂಡು, ಹೆಬ್ಬೆರಳನ್ನು ನಿಧಾನ ಆಡಿಸಿದ. "ನೋಡ್ರಿ ಸಾರ್, ದಾರ ಮುಳ್ಳಿಗೆ ತಿಕ್ಕಿದಂಗ ಆಗ್ತೈತಿ. ಹಿಂಗ ಬಿಟ್ರ ಒಂದಿನ ಹರೀತೈತಿ."

ಡಾಕ್ಟರು ಕಣ್ಣು ಮುಚ್ಚಿ ಗಮನಿಸಿದರು. ಆಮೇಲೆ ಕೈ ಬಗ್ಗಿಸಿ ಬೇರೆ ಕೋನದಲ್ಲಿ ಎಕ್ಸ್‌ರೇ ತೆಗೆಸಿದರು. ಒಂದು ಸ್ಕ್ರೂವಿನ ತುದಿ ಎಲುಬಿನ ಆಚೆಗೆ ಇಣುಕಿತ್ತು, ಹೆಬ್ಬೆರಳು ಎತ್ತುವ ದಾರದಂಥ ಸ್ನಾಯುರಜ್ಜುವಿಗೆ ತಾಗುವಂತೆ. ಅದು ಹರಿದಿದ್ದರೆ ಬೆರಳು ಮೇಲೇಳುತ್ತಲೇ ಇರಲಿಲ್ಲ, ಇಷ್ಟು ಉದ್ದದ ಸ್ಕ್ರೂ ಹಾಕಿದ್ದು ತಮ್ಮ ತಪ್ಪು ಎಂದರು. ಹಾಗೆ ಒಪ್ಪಿಕೊಂಡ ಡಾಕ್ಟರ ಮೇಲೆ ನನಗೆ ಗೌರವ ಹುಟ್ಟಿತು. ನನ್ನ ಮೇಲೆ ಮಾತ್ರ ಅಸಹ್ಯವಾಯಿತು. ದಿನಾ ಗದರಿಸಿ ನಾನು ಮಾಡಿಸುತ್ತಿದ್ದ ವ್ಯಾಯಾಮವೇ ಆ ಸ್ನಾಯುರಜ್ಜುವನ್ನು ಸವೆಸುತ್ತಿತ್ತು.

ಆ ಸ್ಕ್ರೂ ತೆಗೆದರು. ಹೊಲಿಗೆ ಬಿಚ್ಚಿದ ದಿನ ಹೆಬ್ಬೆರಳು ಎತ್ತಲು ಹೇಳಿದರು. ಎತ್ತಿದ. ಅಷ್ಟಕ್ಕೇ ಬಿಡದೆ, ಟ್ರೇಯಲ್ಲಿದ್ದ ಹತ್ತಿಯಲ್ಲಿ ಒಂದು ಚಿಟಿಕೆ ಕಿತ್ತು ಎಳೆದು ನೋಡಿದ.

"ಗಿಡ್ಡ ಎಳಿ. ನೂಲಿಗೆ ಬರಂಗಿಲ್ಲ, ಗಾಯಕ್ಕ ಸಾಕು."

ಡಾಕ್ಟರು ನಕ್ಕರು. ನಾನು ಆ ಹೆಬ್ಬೆರಳು ಹಿಡಿದುಕೊಂಡು ಅತ್ತುಬಿಟ್ಟೆ.