ವಿಂಡೋ ಮುಚ್ಚಿದರೂ ಕಾಯಬೇಕಾದದ್ದು

ಗುಂಡ್ಲುಪೇಟೆಯಾಚೆ ಕಾಡಂಚಿನ ಊರಿಗೆ ನನ್ನ ಅಕ್ಕನನ್ನು ಕೊಟ್ಟಿದೆ. ಮನೆಯ ಹಿಂದೆಯೇ ಚೆಂಡುಹೂವಿನ ಹೊಲ, ಅದರಾಚೆ ಕಂದಕ, ಕಂದಕದಾಚೆ ಕಾಡು. ಪೂರ್ತಿ ಬೆಳಕಾಗುವ ಮೊದಲೇ ಅಕ್ಕ ಹೂ ಬಿಡಿಸಲು ಇಳಿಯುತ್ತಾಳೆ. ಆನೆ ಬಂದರೆ ಗೊತ್ತಾಗಲಿ ಎಂದು ನಾನೇ ಕಂದಕದ ಕಡೆಗೊಂದು ಕ್ಯಾಮೆರಾ, ಒಳಮನೆಯಲ್ಲಿ ಹಳೆಯ ಕಂಪ್ಯೂಟರ್, ಮಾಳಿಗೆಯ ಮೇಲೊಂದು ಹಾರ್ನ್ ಕಟ್ಟಿಕೊಟ್ಟಿದ್ದೆ. ದೊಡ್ಡದೇನಾದರೂ ಹಾದರೆ ಹಾರ್ನ್ ಕೂಗುತ್ತದೆ. ಅದನ್ನು ನಡೆಸುವ ಸಾಫ್ಟ್‌ವೇರ್ ಓಪನ್ ಸೋರ್ಸ್. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿನ ಕೋಡನ್ನು ಓದಿ ತಿದ್ದಬಹುದು.

ಕ್ಯಾಮೆರಾದ ಚಿತ್ರ ತೋರಿಸುವ ವಿಂಡೋ ಮುಚ್ಚಿದರೆ ಕಾವಲೂ ನಿಂತುಹೋಗುತ್ತದೆ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ.

ಅಕ್ಕನ ಅತ್ತೆ ಖಾಲಿ ಕೋಣೆಯಲ್ಲಿ ಬಲ್ಬು ಉರಿದರೂ ಸಹಿಸದವರು. ಯಾರೂ ನೋಡದ ಚಿತ್ರ ಯಾಕೆ ಓಡಬೇಕು ಎಂದು ಒಂದು ಬೆಳಿಗ್ಗೆ ವಿಂಡೋದ ಮೂಲೆಯ ಗುಣಿಸುವ ಗುರುತನ್ನು ಒತ್ತಿಬಿಟ್ಟರು. ಹಾರ್ನ್ ಕೂಗಲಿಲ್ಲ. ಅಕ್ಕ ಬಗ್ಗಿ ಹೂ ಬಿಡಿಸುತ್ತಲೇ ಇದ್ದಳು.

"ಗಿಡದ ಸಂದೀಲಿ ಕಾಲು ಕಾಣ್ತು ಕಣ. ತಲ ಎತ್ತಿ ನೋಡಕ್ಕ ಧೈರ್ಯ ಬರ್ನಿಲ್ಲ" ಎಂದಳು ಫೋನಿನಲ್ಲಿ. ಆನೆ ತಾನಾಗಿಯೇ ಪಕ್ಕದ ಬಾಳೆತೋಟದ ಕಡೆ ತಿರುಗಿತಂತೆ. ಅದಕ್ಕೆ ಬದುಕಿದಳು.

ನಾನು ಕೆಲಸ ಮಾಡುವ ಚಾಮರಾಜನಗರದ ಜೆರಾಕ್ಸ್ ಅಂಗಡಿಯಲ್ಲಿದ್ದೆ. ಗಿರಾಕಿ ಕೊಟ್ಟ ಹಾಳೆಯನ್ನು ಮಗುಚಿ ಹಾಕಲೂ ಕೈ ಬರಲಿಲ್ಲ.

ಅತ್ತೆಯನ್ನು ಬೈಯುವಂತಿರಲಿಲ್ಲ, ಬೇಡದ್ದನ್ನು ಮುಚ್ಚುವುದು ಯಾವ ಮನೆಯಲ್ಲೂ ನಡೆಯುವ ಕೆಲಸ. ತಪ್ಪು ಸಾಫ್ಟ್‌ವೇರ್ ಕಟ್ಟಿದ ರೀತಿಯಲ್ಲಿತ್ತು. ನೋಡುವುದು, ಆನೆ ಹೌದೋ ಅಲ್ಲವೋ ತೀರ್ಮಾನಿಸುವುದು, ಹಾರ್ನ್ ಕೂಗಿಸುವುದು, ಎಲ್ಲವನ್ನೂ ವಿಂಡೋ ತೋರಿಸುವ ಭಾಗದೊಳಗೇ ಹೆಣೆದಿದ್ದರು. ಪಂಪ್‌ಸೆಟ್ಟಿನ ಮೋಟರಿಗೆ ಇಂಡಿಕೇಟರ್ ದೀಪದ ಮೂಲಕವೇ ಕರೆಂಟ್ ಕೊಟ್ಟ ಹಾಗೆ. ದೀಪ ಕಿತ್ತರೆ ನೀರೂ ನಿಂತಿತು.

ಅದನ್ನು ಬರೆದವರಿಗೆ ನನ್ನ ಅರೆಬರೆ ಇಂಗ್ಲಿಷಿನಲ್ಲಿ ತಿಳಿಸಿದೆ. ಯಾವುದೋ ದೇಶದ ಒಬ್ಬರು ಉತ್ತರಿಸಿದರು: ನೋಡಿ ತೀರ್ಮಾನಿಸುವ ಭಾಗವನ್ನು, ಅಂದರೆ ಎಂಜಿನ್ನನ್ನು, ವಿಂಡೋದಿಂದ ಬೇರ್ಪಡಿಸಬೇಕು ಎಂಬುದು ನಮಗೂ ಗೊತ್ತು, ಮಾಡುವವರಿಲ್ಲ, ನೀವು ಮಾಡಿದರೆ ಸಂತೋಷ. ಮಕ್ಕಳಾದ ಮೇಲೆ ಹತ್ತನೇ ತರಗತಿ ಕಟ್ಟಿದವನು ನಾನು. ಎರಡೇ ಬೆರಳಲ್ಲಿ ಟೈಪ್ ಮಾಡುತ್ತೇನೆ. ಆದರೂ ನಾನೇ ಕೂತೆ. ಒಂದು ಸಾಲು ಕಿತ್ತು ಬೇರೆಡೆ ಇಡುವಾಗಲೂ, ಇದರಿಂದ ಹಾರ್ನಿನ ದಾರಿ ಎಲ್ಲಿ ಕಡಿದುಹೋಯಿತೋ ಎಂದು ಮತ್ತೆ ಮತ್ತೆ ಓದಿ ನೋಡುತ್ತಿದ್ದೆ. ಅರಳಿದ ಹೂವು ನನಗಾಗಿ ಕಾಯುವುದಿಲ್ಲ, ಅಕ್ಕ ದಿನವೂ ಇಳಿಯುತ್ತಿದ್ದಳು. ಭಾವ ಹಾಲು ಕರೆಯುವುದನ್ನು ಬಿಟ್ಟು ಪಟಾಕಿ ಹಿಡಿದು ಜೊತೆಗೆ ನಿಲ್ಲುತ್ತಿದ್ದರು.

ಕಡೆಗೂ ಮುಗಿಯಿತು. ಕರೆಂಟ್ ಬಂದೊಡನೆ ಎಂಜಿನ್ ತಾನೇ ಏಳುತ್ತದೆ, ಯಾವ ಚಿತ್ರವನ್ನೂ ತೋರಿಸದೆ ಕಾಯುತ್ತದೆ. ವಿಂಡೋ ಬೇಕಾದಾಗ ತೆರೆದು ನೋಡಲು ಮಾತ್ರ. ಪರೀಕ್ಷೆ ಮಾಡಲು ವಿಂಡೋ ಮುಚ್ಚಿ, ಭಾವನ ಎತ್ತನ್ನು ಕ್ಯಾಮೆರಾ ಮುಂದೆ ಹಾಯಿಸಿದೆ.

"ಎತ್ತ ಆನ ಅಂತ ನಂಬ್ಸಕ್ಕ ಹೊಂಟಿಯಲ್ಲ ಬಾಮೈದ. ನಾಳ ನನ್ನೂ ಆನ ಅಂದ್ಬುಟ್ಟದು ಕಣ ನಿನ್ ಕಂಪ್ಯೂಟ್ರು" ಎಂದು ಭಾವ ಹೊಟ್ಟೆ ಸವರಿಕೊಂಡರು. ಹಾರ್ನ್ ಕೂಗಿತು. ಎತ್ತು ಬೆದರಿ ಹಗ್ಗ ಕಿತ್ತಿತು, ಎಲ್ಲರೂ ನಕ್ಕರು.

ಅಕ್ಕ ನಗಲಿಲ್ಲ. ಒಳಮನೆಯಲ್ಲಿ ಚಿತ್ರವಿಲ್ಲದ ಪರದೆಯನ್ನೇ ನೋಡುತ್ತಿದ್ದಳು.

"ಮೊದ್ಲು ಚಿತ್ರ ಓಡ್ತಿತ್ತು, ಅದ ಅಂತ ಗೊತ್ತಾಯ್ತಿತ್ತು. ಈಗ ಒಳಗ ಅದು ಬದ್ಕದ ಅಂತ ನನ್ಗ ಎಂಗ ಗೊತ್ತಾದದು?"

ಹಾರ್ನ್ ಸುಮ್ಮನಿದ್ದರೆ ಆನೆ ಬಂದಿಲ್ಲ ಎಂದೂ ಆಗಬಹುದು, ಎಂಜಿನ್ ಸತ್ತಿದೆ ಎಂದೂ ಆಗಬಹುದು. ಆ ಎರಡರ ನಡುವೆ ನನ್ನ ಅಕ್ಕ ಬಗ್ಗಿ ಹೂ ಬಿಡಿಸಬೇಕು. ಅವಳಿಗೆ ಕಾಣುತ್ತಿದ್ದ ಒಂದೇ ಗುರುತನ್ನು ನಾನೇ ಕಿತ್ತುಹಾಕಿದ್ದೆ. ಚಾಮರಾಜನಗರಕ್ಕೆ ಮರಳುವ ಬಸ್ಸಿನಲ್ಲಿ, ತೆರಕಣಾಂಬಿ ದಾಟುವವರೆಗೂ ಅದನ್ನೇ ಯೋಚಿಸುತ್ತಿದ್ದೆ.

ಮತ್ತೆ ಕೂತು ಇನ್ನಷ್ಟು ಸೇರಿಸಿದೆ. ಎಂಜಿನ್ ಕ್ಯಾಮೆರಾವನ್ನು ನಿಜವಾಗಿ ನೋಡುತ್ತಿರುವವರೆಗೂ, ಸಮ ಅಂತರದಲ್ಲಿ ಹಾರ್ನಿನಲ್ಲಿ ಹಲ್ಲಿ ಲೊಚಗುಟ್ಟಿದಂಥ ಸಣ್ಣ ಸದ್ದು. ಸದ್ದು ನಿಂತರೆ ಹೊಲದಿಂದ ಮೇಲೆ ಬಾ, ಕಾರಣ ಕೇಳಬೇಡ ಎಂದು ಅಕ್ಕನಿಗೆ ಹೇಳಿದೆ. ನಾನು ಅಲ್ಲಿಗೆ ಹೋದಾಗಲೆಲ್ಲ ಬದುವಿನ ಮೇಲೆ ನಿಂತು, ಒಂದು ಸದ್ದಿನಿಂದ ಇನ್ನೊಂದರವರೆಗೆ ಎಣಿಸುತ್ತಿದ್ದೆ.

ಮೊನ್ನೆ ಹಾಗೆ ನಿಂತಿದ್ದಾಗ ಸದ್ದು ಬರಲಿಲ್ಲ. ಮಂಜಿನೊಳಗೆ ಅಕ್ಕ ಎಲ್ಲಿದ್ದಾಳೆಂದು ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಗಿಡ ಸರಿಸಿಕೊಂಡು ಸೀದಾ ನನ್ನೆಡೆಗೆ ನಡೆದು ಬಂದಳು, ಬರಿಗೈಯಲ್ಲಿ.

"ಸದ್ದು ನಿಂತೋಯ್ತು, ಅದ್ಕ ನಾ ಬಂದ್ಬುಟ್ಟಿ" ಎಂದಳು.

ಆನೆ ಬಂದಿರಲಿಲ್ಲ. ಹಾರ್ನಿಗೆ ಕಟ್ಟಿದ್ದ ಬ್ಯಾಟರಿಯ ವೈರು ಸಡಿಲವಾಗಿತ್ತು. ಅದನ್ನು ಬಿಗಿ ಮಾಡುವಾಗ ನನ್ನ ಕೈಯಿಂದ ಸ್ಕ್ರೂ ಎರಡು ಸಲ ಜಾರಿ ಬಿದ್ದದ್ದನ್ನು ನೋಡಿ, ಸ್ಕ್ರೂಡ್ರೈವರನ್ನು ಅವಳೇ ಇಸಿದುಕೊಂಡಳು.