ನಾಲ್ಕು ದಾರಿಗೂ ಹಸಿರು

ವರ್ಕ್‌ಶಾಪಿನಲ್ಲಿ ಎಲ್ಲರೂ ಅವಳನ್ನು ದೀಪದಕ್ಕ ಎನ್ನುತ್ತಿದ್ದರು. ಕೆಟ್ಟ ಟ್ರಾಫಿಕ್ ಸಿಗ್ನಲ್ಲುಗಳ ಸರ್ಕ್ಯೂಟ್ ಬೋರ್ಡು ರಿಪೇರಿ ಮಾಡುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಸುಮ್ಮನೆ ಕೂರುವ ಜೀವವಲ್ಲ. ಗುಜರಿಗೆ ಹೊರಟಿದ್ದ ಒಂದು ಬೋರ್ಡಿಗೆ ಹೊಸ ಪ್ರೋಗ್ರಾಂ ಬರೆದು ಆಟವೊಂದನ್ನು ಮಾಡಿದ್ದಳು. ನಾಲ್ಕು ದೀಪ, ನಾಲ್ಕು ಗುಂಡಿ. ಯಾರೂ ಮುಟ್ಟುವವರೆಗೆ ಎಲ್ಲವೂ ಕೆಂಪು. ಮೊದಲ ಸಲ ಒತ್ತಿದ ಕೂಡಲೇ ಬಣ್ಣಗಳು ಕಲಸಿಹೋಗುತ್ತವೆ. ಆಮೇಲೆ ಒಂದು ಗುಂಡಿ ಒತ್ತಿದರೆ ಪಕ್ಕದ ದೀಪವೂ ಬದಲಾಗುತ್ತದೆ. ನಾಲ್ಕನ್ನೂ ಹಸಿರು ಮಾಡಿದವರು ಗೆದ್ದಂತೆ. ಒಂದಕ್ಕೊಂದು ಅಡ್ಡ ಹಾಯುವ ಎರಡು ದಾರಿಗೆ ಒಟ್ಟಿಗೆ ಹಸಿರು ಬಾರದಂತೆ ಕಾಯುವ ಚಿಪ್ಪನ್ನು ಆಟಕ್ಕೆಂದೇ ಕಿತ್ತುಹಾಕಿದ್ದಳು.

ಊಟದ ಹೊತ್ತಿನಲ್ಲಿ ಸ್ಟೋರ್‌ಕೀಪರನೊಡನೆ ಪಂದ್ಯ. "ನೀವೇ ಕಟ್ಟಿದ ಆಟದಲ್ಲಿ ನೀವೇ ಸೋಲ್ತೀರಲ್ಲಕ್ಕ!" ಎಂದು ಅವನು ನಗುತ್ತಿದ್ದ.

ಅಂದು ಕೈತೊಳೆದು ಬಂದರೆ ಮೇಜಿನ ಮೇಲೆ ಆಟದ ಬೋರ್ಡಿಲ್ಲ. ರಿಪೇರಿಯಾದ ಬೋರ್ಡು ಮಾತ್ರ ಬಿದ್ದಿತ್ತು. ರಿಪೇರಿಯಾದ ಬೋರ್ಡುಗಳನ್ನು ಒಯ್ದು ಸಿಗ್ನಲ್ಲಿಗೆ ಹಾಕುವ ಫಿಟ್ಟರನಿಗೆ ಫೋನು ಮಾಡಿದಳು.

"ಹಾಕಿ ಬಂದೆನಲ್ಲಕ್ಕ, ಸ್ಕೂಲ್ ಹತ್ತಿರದ ಸರ್ಕಲ್‌ಗೆ. ನಾಲ್ಕೂ ಕೆಂಪಿತ್ತು. ಆಮೇಲೆ ತಾನೇ ಸರಿಹೋಗುತ್ತೆ ಅಂದ್ಕೊಂಡೆ."

ಅವನಾಗಲೇ ಊರಿನ ಇನ್ನೊಂದು ತುದಿಯಲ್ಲಿದ್ದ. ಸರ್ಕಲ್ಲು ಮೂರು ಬೀದಿಯಾಚೆ. ಸಿಗ್ನಲ್ ಪೆಟ್ಟಿಗೆಯ ಬೀಗದಕೈ ಹಿಡಿದು ಓಡಿದಳು. ರಸ್ತೆ ದಾಟುವವರಿಗೆಂದು ಪ್ರತಿ ಕಂಬದಲ್ಲೂ ಒಂದು ಗುಂಡಿಯಿದೆ. ಯಾರಾದರೂ ಒಮ್ಮೆ ಒತ್ತಿದರೆ ಸಾಕು, ಆಟ ಶುರುವಾಗುತ್ತದೆ. ಶಾಲೆ ಬಿಡುವ ಸಮಯ.

ನಾಲ್ಕೂ ಕಡೆ ಕೆಂಪು. ವಾಹನಗಳ ಹಾರನ್ನು ಕಿವಿ ಹರಿಯುವಂತಿತ್ತು. ಎದುರಿನ ಕಂಬದ ಬಳಿ ಮುದುಕರೊಬ್ಬರು ಬೇಸತ್ತು ಗುಂಡಿಯತ್ತ ಕೈ ಚಾಚಿದರು.

"ಮುಟ್ಟಬೇಡಿ! ಅಜ್ಜಾ, ಮುಟ್ಟಬೇಡಿ!"

ಕೇಳಿಸಲಿಲ್ಲ. ಒತ್ತಿಬಿಟ್ಟರು. ಅಡ್ಡ ಹಾಯುವ ಎರಡು ದಾರಿಗೂ ಒಟ್ಟಿಗೆ ಹಸಿರು ಬಂತು. ಈ ಕಡೆಯಿಂದ ಬಸ್ಸು, ಆ ಕಡೆಯಿಂದ ತರಕಾರಿ ವ್ಯಾನು ಹೊರಟವು. ಅವಸರದಲ್ಲಿ ಬೀಗದಕೈ ಎರಡು ಸಲ ಜಾರಿತು. ಬಾಗಿಲು ತೆರೆದು ಪ್ಲಗ್ ಕಿತ್ತಾಗ ಬ್ರೇಕಿನ ಕಿರುಚಾಟ ಕೇಳಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಬಸ್ಸಿಗೂ ವ್ಯಾನಿಗೂ ನಡುವೆ ಒಂದು ಗೇಣು ಉಳಿದಿತ್ತು. ಟೊಮ್ಯಾಟೊ ರಸ್ತೆ ತುಂಬ ಉರುಳಿದ್ದವು. ಯಾರಿಗೂ ಏನೂ ಆಗಿರಲಿಲ್ಲ. ಅವಳು ಬೋರ್ಡನ್ನು ಪೆಟ್ಟಿಗೆಯಿಂದ ಬಿಚ್ಚಿ ತೆಗೆದಳು.

"ವರದಿಯಲ್ಲಿ ಫಿಟ್ಟರ್ ತಪ್ಪು ಅಂತ ಬರೆದುಬಿಡೋಣ," ಎಂದರು ಮೇಲಧಿಕಾರಿ.

"ಬೇಡ ಸಾರ್. ಚಿಪ್ ಕಿತ್ತಿದ್ದು ನಾನು. ಆ ಬೋರ್ಡನ್ನ ಮೇಜಿನ ಮೇಲೆ ಬಿಟ್ಟುಹೋಗಿದ್ದೂ ನಾನೇ."

ಮೂರು ತಿಂಗಳು ಅವಳನ್ನು ರಿಪೇರಿಯಿಂದ ದೂರವಿಟ್ಟು ವೈರು ಸುತ್ತುವ ಕೆಲಸಕ್ಕೆ ಹಾಕಿದರು. ಅದು ಅವಳಿಗೆ ಭಾರವೆನಿಸಲಿಲ್ಲ. ಭಯ ಮಾತ್ರ ಬಿಡಲಿಲ್ಲ. ಪೇಟೆಗೆ ಹೋದಾಗ ಗಂಡ, "ಹಸಿರು ಬಂತು, ನಡಿ," ಎಂದರೆ ಅವರ ತೋಳು ಗಟ್ಟಿಯಾಗಿ ಹಿಡಿದು ನಿಲ್ಲುತ್ತಾಳೆ.

"ಇರಿ. ಆ ಗಾಡಿ ನಿಲ್ಲುತ್ತಾ ನೋಡೋಣ ಮೊದಲು."